ಶಂಭುವಿಗೆ ನೀರು

ಬೆಳಿಗ್ಗೆ ಪುತ್ತಿಗೆಯ ಮನೆಯಿಂದ ಹೊರಡುವ ಮೊದಲು ನೀಲಾವತಿ ಕಳ್ಳತನ ಮಾಡಲು ನೋಡಿದ್ದಳು. ಕದಿಯಬೇಕೆಂದಿದ್ದದ್ದು ಒಂದು ಲೋಟ ನೀರು. ನಾಲ್ಕು ವರ್ಷದ ತಮ್ಮ ಶಂಭುವಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ಚಾಪೆಯ ಮೇಲೆ ಬಿದ್ದುಕೊಂಡು "ನೀರು, ನೀರು" ಎನ್ನುತ್ತಿದ್ದ. ಅಜ್ಜಿ ಸೇಸಮ್ಮ ಕೊಡಪಾನದ ಪಕ್ಕದಲ್ಲೇ ಕಾವಲು ಕೂತಿದ್ದರು.

ಭೇದಿ ಹಿಡಿದವರಿಗೆ ನೀರು ಕೊಟ್ಟರೆ ಕೊಟ್ಟದ್ದೆಲ್ಲ ಹೊರಗೆ ಹೋಗುತ್ತದೆ, ಹೊಟ್ಟೆ ಒಣಗಿದರೆ ತಾನಾಗಿ ನಿಲ್ಲುತ್ತದೆ ಎಂದು ಆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನೀಲಾವತಿಯ ಅಮ್ಮನಿಗೆ ಭೇದಿ ಹಿಡಿದಾಗಲೂ ಹಾಗೆಯೇ ಮಾಡಿದ್ದರು. ಸೇಸಮ್ಮ ಹೆತ್ತ ಮಗಳ ತಲೆಯ ಹತ್ತಿರ ತಾವೇ ಕೂತು, ಬಾಯಿಗೆ ಒಂದು ಹನಿ ಬೀಳದ ಹಾಗೆ ನೋಡಿಕೊಂಡಿದ್ದರು. ಅವಳು ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ.

"ನೀನು ಶಾಲೆಗೆ ಹೋಗು. ಇಲ್ಲಿ ನಿಂತು ಅವನಿಗೆ ಆಸೆ ಹುಟ್ಟಿಸ್ಬೇಡ. ಮಾವ ಸಂಜೆ ಬಂಟ್ವಾಳದಿಂದ ಬರ್ಲಿ, ಆಸ್ಪತ್ರೆಗೆ ಕೊಂಡೋಗುವ," ಎಂದರು ಅಜ್ಜಿ. ಸಂಜೆಯ ತನಕ ಶಂಭು ಉಳಿಯುತ್ತಾನೆಯೇ ಎಂದು ಕೇಳುವ ಧೈರ್ಯ ನೀಲಾವತಿಗೆ ಬರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಅಂದು ವಿಜ್ಞಾನದ ಅಭಯಚಂದ್ರ ಮಾಸ್ತರರ ಗ್ರಹಚಾರವೂ ನೆಟ್ಟಗಿರಲಿಲ್ಲ. ಹೊಸ ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ, ಗಿಂಡಿಯ ಮೂತಿಯಿಂದ ನೂಲಿನ ಹಾಗೆ ಇಳಿಯುವ ನೀರಿನ ಹತ್ತಿರ ಹಿಡಿದರೆ ನೀರು ಬಾಚಣಿಗೆಯ ಕಡೆಗೆ ಬಾಗಬೇಕು. ಬಾಗಲಿಲ್ಲ. ಹೇಗೆ ಬಾಗೀತು, ಮಾಸ್ತರರ ತಲೆಯ ತೆಂಗಿನೆಣ್ಣೆ ಕಿವಿಯ ತನಕ ಇಳಿದಿತ್ತು. ಹನೀಫಾನನ್ನು ಕರೆದರು, ಶೇಖರನನ್ನು ಕರೆದರು. ಒಬ್ಬನಿಗಿಂತ ಒಬ್ಬನ ತಲೆ ಮಿರಮಿರ ಮಿಂಚುತ್ತಿತ್ತು. ಬಾಚಣಿಗೆಯಿಂದ ಎಣ್ಣೆ ತೊಟ್ಟಿಕ್ಕಿತೇ ಹೊರತು ನೀರು ಅಲ್ಲಾಡಲಿಲ್ಲ.

"ಎಣ್ಣೆ ಮುಟ್ಟದ ತಲೆ ಈ ಕ್ಲಾಸಿನಲ್ಲಿ ಒಂದಾದರೂ ಉಂಟಾ ಮಾರಾಯರೇ?" ಎಂದರು ಮಾಸ್ತರರು. ಹೇಳಿದ ಮೇಲೆ ಅವರ ಕಣ್ಣು ಹಿಂದಿನ ಬೆಂಚಿಗೆ ಹೋಯಿತು. ನೀಲಾವತಿಯ ಕೂದಲು ಒಣಗಿ ಕೆದರಿತ್ತು. ಅಮ್ಮ ಹೋದ ಮೇಲೆ ಆ ತಲೆಗೆ ಎಣ್ಣೆ ಹಚ್ಚುವವರಿರಲಿಲ್ಲ. ಕ್ಲಾಸಿಗೆಲ್ಲ ಅದು ಗೊತ್ತಿತ್ತು, ಯಾರೂ ನಗಲಿಲ್ಲ. ಮಾಸ್ತರರು ಮೆಲ್ಲಗೆ, "ಬರ್ತೀಯಾ ಮಗಾ?" ಎಂದು ಕೇಳಿದರು.

ಅವಳ ಕೂದಲಿಗೆ ಬಾಚಣಿಗೆ ಚಿಟಿಚಿಟಿ ಎಂದಿತು. ನೀರು ಬಾಗಿತು.

ಮಾಸ್ತರರಿಗೆ ಹೋದ ಜೀವ ಬಂದ ಹಾಗಾಯಿತು. "ನೀರಿನ ಒಂದೊಂದು ಕಣಕ್ಕೂ ಎರಡು ಬದಿ. ಒಂದು ಬದಿ ಧನ ವಿದ್ಯುತ್ತು, ಇನ್ನೊಂದು ಋಣ. ಬಾಚಣಿಗೆಯ ವಿದ್ಯುತ್ತು ಎಳೆದದ್ದು ಅದನ್ನೇ. ಉಪ್ಪಿನ ಕಣಗಳೂ ಧನ, ಋಣ ಅಂತ ಎರಡು ಜಾತಿ. ನೀರು ಅವುಗಳ ಸುತ್ತ ಮುತ್ತಿಕೊಂಡು, ಎಳೆದು ಬೇರೆ ಮಾಡಿ ಹೊತ್ತುಕೊಂಡು ಹೋಗ್ತದೆ. ಎಣ್ಣೆಗೆ ಹಾಗಿನ ಬದಿಗಳಿಲ್ಲ, ಅದಕ್ಕೇ ನೀರಿಗೆ ಸೇರುವುದಿಲ್ಲ. ನಮ್ಮ ಮೈಯ ಜೀವಕೋಶಗಳ ಕೆಲಸ ನಡೆಯುವುದೂ ಹೀಗೆಯೇ. ಉಪ್ಪು, ಸಕ್ಕರೆ ಎಲ್ಲ ನೀರಿನಲ್ಲಿ ಕರಗಿಯೇ ಅಲ್ಲಿಗೆ ಮುಟ್ಟಬೇಕು. ನೀರು ಸಾಲದಿದ್ದರೆ ಕೆಲಸ ಬಂದ್."

ನೀಲಾವತಿ ಇನ್ನೂ ಮೇಜಿನ ಹತ್ತಿರವೇ ನಿಂತಿದ್ದಳು. "ಭೇದಿಯಾಗಿ ನೀರೆಲ್ಲ ಹೊರಗೆ ಹೋದರೆ, ಸಾರ್?"

"ಉಪ್ಪೂ ಅದರ ಒಟ್ಟಿಗೇ ಹೋಗ್ತದೆ. ಎರಡನ್ನೂ ತಿರುಗಿ ಒಳಗೆ ಹಾಕ್ಬೇಕು. ಆಸ್ಪತ್ರೆಯಲ್ಲಿ ಬಾಟ್ಲಿ ತೂಗು ಹಾಕ್ತಾರಲ್ಲ, ಅದರಲ್ಲಿ ಇರುವುದು ಉಪ್ಪುನೀರೇ."

"ಕುಡಿದದ್ದು ವಾಂತಿಯಾದರೆ?"

"ಸ್ವಲ್ಪ ಸ್ವಲ್ಪವೇ ಕುಡಿಸುವುದು. ಯಾರಿಗೆ ಮಗಾ?"

ಅವಳು ಹೇಳಿದಳು. ಮಾಸ್ತರರ ಮುಖ ಸಣ್ಣದಾಯಿತು. "ಈಗಲೇ ಮನೆಗೆ ಹೋಗು. ಗಂಜಿತಿಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಕೊಡು. ನಾನು ಬಾಡಿಗೆ ಕಾರು ಹಿಡಿದು ಬರ್ತೇನೆ, ಆಸ್ಪತ್ರೆಗೆ ಕರಕೊಂಡು ಹೋಗುವ."

ಓಡಿಕೊಂಡೇ ಮನೆ ಮುಟ್ಟಿದಳು. ಶಂಭು ನೀರು ಕೇಳುವುದನ್ನೂ ಬಿಟ್ಟಿದ್ದ. ಕಣ್ಣು ಗುಳಿ ಬಿದ್ದಿತ್ತು. ಅವಳು ಅಡಿಗೆಮನೆಯಿಂದ ಗಂಜಿತಿಳಿ ತಂದು ಉಪ್ಪು ಕದಡಿ ಕೂತಾಗ ಅಜ್ಜಿ ಕೈ ಹಿಡಿದರು.

"ಕೊಲ್ತೀಯಾ ಅವನನ್ನು?"

"ಒಣಗಿಸಿದರೇ ಸಾಯುವುದು ಅಜ್ಜಿ. ನೀರು ಹೋದರೆ ಉಪ್ಪೂ ಹೋಗ್ತದೆ. ಎರಡೂ ಇಲ್ಲದೆ ಮೈ ಕೆಲಸ ಮಾಡುವುದಿಲ್ಲ. ಮಾಸ್ತರರು ಹೇಳಿದ್ದಾರೆ, ಕಾರು ತರ್ತಾರೆ. ಕೈ ಬಿಡಿ."

ಅಜ್ಜಿಗೆ ಇದಿರು ಮಾತಾಡಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅಜ್ಜಿ ಕೈ ಬಿಟ್ಟರು. ಮೊದಲ ಚಮಚ ಕಟವಾಯಿಯಿಂದ ಹರಿದುಹೋಯಿತು. ಎರಡನೆಯದನ್ನು ನುಂಗಿದ. ಒಮ್ಮೆ ವಾಂತಿಯಾಯಿತು, ಅವಳು ಬಾಯಿ ಒರೆಸಿ ಪುನಃ ಕೊಟ್ಟಳು. ಲೋಟ ಅರ್ಧ ಇಳಿಯುವಷ್ಟರಲ್ಲಿ ಶಂಭು ಕಣ್ಣು ತೆರೆದು, ಚಮಚವನ್ನು ತಾನೇ ಹಿಡಿಯಲು ಕೈಯೆತ್ತಿದ.

ಸೇಸಮ್ಮ ಅದನ್ನು ನೋಡುತ್ತಾ ಕೂತಿದ್ದರು. "ನಿನ್ನ ಅಮ್ಮನೂ ನೀರು ಕೇಳಿದ್ದಳು. ಕೊನೆಯವರೆಗೂ ಕೇಳಿದಳು," ಎಂದರು.

ನೀಲಾವತಿಗೆ ಅಳು ಬಂತು. ಆದರೂ ತಮ್ಮನ ಮುಖದಿಂದ ಕಣ್ಣು ತೆಗೆಯದೆ, "ಅಮ್ಮನದ್ದು ಬೇರೆ ಕಾಯಿಲೆ ಅಜ್ಜಿ," ಎಂದಳು.

"ಅಲ್ಲ ಮಗಾ," ಎಂದರು ಅಜ್ಜಿ. "ಇದೇ."

ಮತ್ತೆ ಅವಳ ಕೈಯಿಂದ ಚಮಚ ತೆಗೆದುಕೊಂಡು, ಮೊಮ್ಮಗನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ತಾವೇ ಕುಡಿಸತೊಡಗಿದರು.