ರಟ್ಟಿನ ಮನೆಯ ಪರೀಕ್ಷೆ

"ಇದಕ್ಕೆ ಮನೆ ಅಂತಾರಾ?" ಎಂದು ಅಪ್ಪ ಮೂಗು ಮುರಿದ.

ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಮಗಳು ತಲೆ ಎತ್ತಲಿಲ್ಲ. ಅವಳೆದುರು ಬೂಟಿನ ಪೆಟ್ಟಿಗೆಯೊಂದು ಮನೆಯಾಗಿ ನಿಂತಿತ್ತು. ಅದಕ್ಕೆ ಟೂತ್‌ಪೇಸ್ಟ್ ಡಬ್ಬಿಗಳ ಮಹಡಿ, ಮೊಟ್ಟೆ ಟ್ರೇಯ ಚಾವಣಿ, ಟಿಶ್ಯೂ ಸುರುಳಿಯ ಕೊಳವೆಗಳ ಕಂಬ, ಬಾಟಲಿ ಮುಚ್ಚಳದ ಗಡಿಯಾರ. ಇಷ್ಟನ್ನೂ ಹಿಡಿದಿಟ್ಟಿದ್ದದ್ದು ಅರ್ಧ ರೋಲು ಟೇಪು.

ಪಕ್ಕದಲ್ಲಿದ್ದ ಫೋನಿನೊಳಗಿಂದ ವಿಡಿಯೋದ ಅಕ್ಕ ಉಲಿಯುತ್ತಿದ್ದಳು: "ಹೊರಗೆ ಮಳೆನಾ ಪುಟಾಣಿಗಳೇ? ಬೇಜಾರು ಬೇಡ! ಮನೇಲಿರೋ ಕಸ ತನ್ನಿ, ಅರಮನೆ ಮಾಡೋಣ!"

ಕಸವಂತೆ, ಅರಮನೆಯಂತೆ! ಅಪ್ಪನಿಗೆ ಮೈಯೆಲ್ಲ ಉರಿಯಿತು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗ ನೋಡಿಕೊಳ್ಳುವವನ ಮನೆಯಲ್ಲೇ ಕೂತು ರಟ್ಟಿನ ಪಾಠ! ಆ ವಿಡಿಯೋದವಳು ಕತ್ತರಿ ಹಿಡಿದ ರೀತಿ ನೋಡಿದರೇ ಸಾಕು, ಹುಟ್ಟಿದಾಗಿನಿಂದ ಒಂದು ರಟ್ಟನ್ನೂ ನೆಟ್ಟಗೆ ಮಡಚಿದವಳಲ್ಲ. ಹಲ್ಲು ಮಾತ್ರ ಚೆನ್ನಾಗಿ ಕಿಸಿಯುತ್ತಾಳೆ. ಅವನ ಲೆಕ್ಕದಲ್ಲಿ ಜಗತ್ತಿನ ಜನ ಎರಡೇ ಬಗೆ: ರಟ್ಟಿನ ಒಳಗಿನ ಅಲೆಅಲೆ ಕಾಗದ ಯಾವ ಕಡೆ ಓಡುತ್ತದೆಂದು ನೋಡಿ ಮಡಚುವವರು, ಮತ್ತು ಟೇಪು ಹಚ್ಚುವವರು. ಹೆಂಡತಿಯ ತವರಿನವರೆಲ್ಲ ಎರಡನೆಯ ಜಾತಿ. ಅವರು ಬೆನ್ನ ಹಿಂದೆ ತನ್ನನ್ನು 'ಡಬ್ಬಾ ಭಾವ' ಎನ್ನುತ್ತಿದ್ದುದು ಇವನಿಗೆ ಗೊತ್ತಿಲ್ಲದ್ದೇನಲ್ಲ.

ಹೆಂಡತಿ ಬೇರೆ ಮನೆ ಮಾಡಿಕೊಂಡು ಹೋದ ಮೇಲೆ ಮಗಳು ಸಿಗುತ್ತಿದ್ದುದು ಭಾನುವಾರ ಮಾತ್ರ. ಬೆಳಿಗ್ಗೆ ಮಗಳನ್ನು ಬಿಟ್ಟುಹೋಗಲು ಬಂದವಳು ಒದ್ದೆ ಕೊಡೆಯನ್ನು ಹೊರಗೇ ಒರಗಿಸಿ, ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ನೋಡು, ಇಲ್ಲಿಗೆ ಬರೋದು ಬಿಡೋದು ಇನ್ಮೇಲೆ ಅವಳಿಷ್ಟ. ಸಂಜೆ ನಿನ್ನೆದುರಿಗೇ ಕೇಳ್ತೀನಿ. ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ, ನೀನೂ ಮಾಡಬಾರದು."

"ಕೇಳು, ಧಾರಾಳವಾಗಿ ಕೇಳು," ಎಂದಿದ್ದ ಇವನು, ಏನೋ ದಾನ ಕೊಡುವವನ ಹಾಗೆ. ನಿಜ ಹೇಳಬೇಕೆಂದರೆ ಈ ಭಾನುವಾರ ಬಿಟ್ಟರೆ ವಾರವಿಡೀ ಎದುರು ನೋಡಲು ಅವನಿಗೆ ಬೇರೇನೂ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಬಿಗುಮಾನ ಬಿಡಬೇಕಲ್ಲ! ಇಷ್ಟು ದಿನ ಪಾರ್ಕಿನ ಉಯ್ಯಾಲೆ, ಜಾರುಬಂಡೆಗಳು ಅವನ ಮಾನ ಉಳಿಸಿದ್ದವು. ಇವತ್ತು ಬೆಳಗಿನಿಂದ ಮಳೆ.

"ಎಲ್ಲಿ ಕೊಡು," ಎಂದು ಮನೆಯನ್ನೆತ್ತಿ ಮೇಜಿನ ಮೇಲಿಟ್ಟ. "ನಮ್ಮ ಫ್ಯಾಕ್ಟರೀಲಿ ಯಾವ ಪೆಟ್ಟಿಗೇನೂ ಪರೀಕ್ಷೆ ಮಾಡದೆ ಹೊರಗೆ ಬಿಡಲ್ಲ. ನಿನ್ನದು ಎಷ್ಟು ಭಾರ ಹೊರುತ್ತೆ ನೋಡೋಣ್ವಾ?"

"ಒಳಗೆ ಜನ ಇದಾರೆ," ಎಂದಳು ಮಗಳು. "ಮಲಗಿದಾರೆ."

"ಹಾಗಾದ್ರೆ ಮನೆ ಗಟ್ಟಿ ಇರಬೇಕು ತಾನೆ?"

ಕಪಾಟಿನಿಂದ ದಪ್ಪ ನಿಘಂಟು ತಂದು ಚಾವಣಿಯ ಮೇಲಿಟ್ಟ. ಮನೆ ಕಿರುಗುಟ್ಟಿತು, ಆದರೂ ನಿಂತಿತು. "ಪರವಾಗಿಲ್ವೇ!" ಎಂದ. ಇನ್ನೊಂದು ಪುಸ್ತಕ ಹೇರಿದ. ಕೊಳವೆಯ ಕಂಬ ಸೊಂಟ ಬಗ್ಗಿಸಿತು. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟದ್ದೇ ತಡ, ಮೊಟ್ಟೆ ಟ್ರೇ ಚಪ್ಪಟೆಯಾಗಿ, ಮಹಡಿ ಜಾರಿ, ಗಡಿಯಾರ ಉರುಳಿಕೊಂಡು ಹೋಗಿ ಸೋಫಾದ ಕೆಳಗೆ ಸೇರಿತು. ಕಾರ್ಖಾನೆಯಲ್ಲಿ ಪೆಟ್ಟಿಗೆ ಕುಸಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎಷ್ಟು ಭಾರಕ್ಕೆ ಕುಸಿಯಿತು ಎನ್ನುವುದೇ ಅಲ್ಲಿನ ಫಲಿತಾಂಶ. ಅದೇ ಅಭ್ಯಾಸದಲ್ಲಿ ಅವನೂ ಚಪ್ಪಾಳೆ ತಟ್ಟಿದ. ಒಬ್ಬನೇ ತಟ್ಟಿದ.

"ಗೊತ್ತಾಯ್ತಾ? ಟೇಪು ಹಚ್ಚೋದು ಸೋಮಾರಿಗಳ ಕೆಲಸ. ಈಗ ಅಪ್ಪ ಮಾಡೋದು ನೋಡು."

ಮಗಳು ನೋಡಿದಳು. ಅವನು ಅಟ್ಟದಿಂದ ಗಟ್ಟಿ ರಟ್ಟು ಇಳಿಸಿದ, ಅಳೆದ, ಕತ್ತರಿಯ ಬೆನ್ನಿನಿಂದ ಗೀರಿದ, ಅಂಚಿನ ರೆಕ್ಕೆಗೆ ರೆಕ್ಕೆ ಸಿಕ್ಕಿಸಿ ಪೆಟ್ಟಿಗೆ ನಿಲ್ಲಿಸಿದ.

"ನಾನು ಕತ್ತರಿಸ್ಲಾ?"

"ಸೊಟ್ಟ ಆಗುತ್ತೆ."

"ಬಣ್ಣ ಹಾಕ್ಲಾ?"

"ಒದ್ದೆಯಾದ್ರೆ ರಟ್ಟು ಮೆತ್ತಗಾಗುತ್ತೆ ಕಣೇ."

"ಬಾಗಿಲು ಎಲ್ಲಿ?"

"ಬಾಗಿಲು ಕೊರೆದ್ರೆ ಅದರ ಬಲಾನೇ ಹೋಗುತ್ತೆ."

ಆಮೇಲೆ ಅವಳು ದಂತವೈದ್ಯರ ಕೋಣೆಯ ಹೊರಗೆ ಕಾಯುವವರ ಹಾಗೆ ಕೈಕಟ್ಟಿ ಕೂತಳು. ಎಷ್ಟು ಗಮನವಿಟ್ಟು ಕಲಿಯುತ್ತಿದೆ ಮಗು ಎಂದು ಈ ಮಹಾಶಯನಿಗೆ ಹೆಮ್ಮೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ, ನಾಲ್ಕನೆಯ ಕಾಲಿನಿಂದ ಮೊಲ ಒದ್ದರೂ ತಿಳಿಯುವುದಿಲ್ಲ.

"ಹತ್ತು ಮೇಲೆ," ಎಂದ ಕೊನೆಗೆ. ಅವಳು ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು. ಅದು ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ.

"ಗಟ್ಟಿ ಇದೆಯಾ?"

"ಹೂಂ."

"ಈಗ ನಿನ್ನ ಜನಾನ ಇದರೊಳಗೆ ಮಲಗಿಸು ನೋಡೋಣ."

"ಅವರಿಲ್ಲ. ಆ ಮನೆ ಬಿದ್ದಾಗ್ಲೇ ಹೋದ್ರು."

"ನಿಮ್ಮಮ್ಮನ ಹಾಗೇ ಕಥೆ ಕಟ್ಟೋಕೆ ಕಲ್ತಿದೀಯ," ಎಂದು ನಕ್ಕು, ಹಳೆಯ ಮನೆಯ ಚೂರುಗಳನ್ನೆಲ್ಲ ಗುಡಿಸಿ ಕಸದ ಬುಟ್ಟಿಗೆ ಹಾಕಿದ.

ಸಂಜೆ ಹೆಂಡತಿ ಬಂದಾಗ ಬಾಗಿಲು ತೆರೆದವನೇ ಪೆಟ್ಟಿಗೆ ತೋರಿಸಿದ. "ಇವಳು ಮೇಲೆ ನಿಂತ್ರೂ ಬಗ್ಗಲಿಲ್ಲ, ಗೊತ್ತಾ? ನಿಮ್ಮ ಕಡೆಯವರು ಯಾರಾದ್ರೂ ಇಂಥದ್ದೊಂದು ಮಾಡ್ಲಿ ನೋಡೋಣ."

ಅವಳು ಪೆಟ್ಟಿಗೆಯನ್ನೂ ನೋಡಿದಳು, ಕಸದ ಬುಟ್ಟಿಯನ್ನೂ ನೋಡಿದಳು. ಆಮೇಲೆ ಮಗಳ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದಳು: "ಮುಂದಿನ ಭಾನುವಾರ ಬರ್ತೀಯೇನಮ್ಮಾ ಇಲ್ಲಿಗೆ?"

"ಮಳೆ ಇಲ್ದಿದ್ರೆ ಬರ್ತೀನಿ."

"ಮಳೆ ಇದ್ರೆ?"

"ಬೇಡ. ಮಳೆ ಇದ್ರೆ ಒಳಗೇ ಇರಬೇಕಾಗುತ್ತೆ."

ಅದರಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ಅಪ್ಪ ಹೆಂಡತಿಯ ಮುಖದಲ್ಲಿ ಗೆಲುವಿನ ನಗೆ ಹುಡುಕಿದ. ಸಿಕ್ಕಿದ್ದರೆ ಒಂದು ಕುಹಕದ ಮಾತಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ. ಅವಳು ಸುಮ್ಮನೆ ಮಗಳ ರೇನ್‌ಕೋಟಿನ ಗುಂಡಿ ಹಾಕುತ್ತಿದ್ದಳು. ಮಗಳು, ನೆಂಟರ ಮನೆಯವರಿಗೆ ಹೇಳುವ ಹಾಗೆ, "ಹೋಗ್ಬರ್ತೀನಿ ಅಪ್ಪಾ," ಎಂದಳು.

ಅವರು ಮೆಟ್ಟಿಲಿಳಿದು ಹೋದರು. ಅವನು ಕಿಟಕಿ ತೆರೆದು ಕೈ ಹೊರಗೆ ಚಾಚಿದ. ಮಳೆಗಾಲ ಶುರುವಾಗಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಅಂಗೈ ತುಂಬಿತು, ಚೆಲ್ಲಿದ, ಮತ್ತೆ ತುಂಬಿತು.