ಗುರುವಾರದ ಹಾಜರಿ

ಸಂಸೆಯ ರಂಗನಾಥ ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ. ಕುದುರೆಮುಖದ ಗಣಿ ಕಂಪನಿಯ ಟೈಮ್ ಆಫೀಸಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡುವುದು. ಗಣಿ ನಿಂತು ಊರಿಗೆ ಊರೇ ಖಾಲಿಯಾದ ಮೇಲೆ ಸಂಸೆಗೆ ಬಂದು ತನ್ನ ಎರಡು ಎಕರೆ ಕಾಫಿ ನೋಡಿಕೊಂಡಿದ್ದ. ಅರವತ್ತೇಳು ದಾಟಿದರೂ ಬಸ್ಸು ಐದು ನಿಮಿಷ ತಡವಾದರೆ ಗಡಿಯಾರ ನೋಡಿ ಗೊಣಗುವುದು ತಪ್ಪಿರಲಿಲ್ಲ. ರಾಜಕೀಯ ಮಾತ್ರ ಅವನಿಗೆ ಸೇರುತ್ತಿರಲಿಲ್ಲ. ವೋಟು ಹಾಕಿ ಬಂದರೆ, ಬೆರಳಿನ ಶಾಯಿ ಅಳಿಯುವಷ್ಟರಲ್ಲಿ ಯಾರಿಗೆ ಹಾಕಿದೆ ಎಂಬುದನ್ನೇ ಮರೆಯುವ ಜಾತಿ.

ಅಂಥವನನ್ನು ಈ ಕೆಲಸಕ್ಕೆ ಹಚ್ಚಿದ್ದು ಮುದ್ದಮ್ಮ.

ಮುದ್ದಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದು, ಕಳೆ ಕಿತ್ತು ಮುದುಕಿಯಾದವಳು. ಕಾಡಂಚಿನಲ್ಲಿ ಅವಳ ಮಾವ ಕಟ್ಟಿದ ಮನೆ, ಸುತ್ತ ಮುಕ್ಕಾಲು ಎಕರೆ ಜಾಗ. ಹಿಂದಿನ ವರ್ಷ ಅಂಥ ಮನೆಗಳನ್ನು ತೆರವು ಮಾಡುವುದನ್ನು ಸಲೀಸು ಮಾಡುವ ಮಸೂದೆಯೊಂದು ದಿಲ್ಲಿಯಲ್ಲಿ ಬರುತ್ತದೆ ಎಂದು ಸುದ್ದಿಯಾದಾಗ, ಕಳಸದಲ್ಲಿ ದೊಡ್ಡ ಸಭೆ ಆಗಿತ್ತು. ಸಂಸದ ಚಂದ್ರಕೀರ್ತಿ ಅಲ್ಲಿಗೆ ಬಂದು, ಮೈಕಿನ ಮುಂದೆ ಮುದ್ದಮ್ಮನ ಕೈಯನ್ನೇ ಹಿಡಿದು, "ಈ ತಾಯಿಯ ಮನೆ ಮುಟ್ಟಬೇಕಾದ್ರೆ ಸಂಸತ್ತಿನ ಬಾಗಿಲಲ್ಲಿ ನನ್ನನ್ನು ತುಳಿದುಕೊಂಡು ಹೋಗಬೇಕು" ಎಂದಿದ್ದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಮುದ್ದಮ್ಮ ಅತ್ತಿದ್ದಳು.

ಈಗ ಅವಳ ಕೈಯಲ್ಲಿ ಮನೆ ತೆರವಿನ ನೋಟೀಸು ಇತ್ತು. ಆಕ್ಷೇಪಣೆ ಇದ್ದರೆ ಎರಡು ತಿಂಗಳೊಳಗೆ ಸಲ್ಲಿಸಬೇಕು ಎಂದು ಬರೆದಿತ್ತು. ಅದನ್ನು ರಂಗನಾಥನ ಜಗಲಿಯ ಮೇಲಿಟ್ಟು ಅವಳು ಕೇಳಿದ್ದು ನೋಟೀಸಿನ ಬಗ್ಗೆ ಅಲ್ಲ.

"ರಂಗಣ್ಣ, ದಿಲ್ಲೀಲಿ ಎಂತ ಆಯ್ತು? ಸಾಹೇಬ್ರು ಏನಾದ್ರೂ ಅಂದ್ರಾ ಅಲ್ಲಿ?"

"ನಂಗೆಂತ ಗೊತ್ತು ಮುದ್ದಮ್ಮ. ಪೇಪರ್‌ನಲ್ಲಿ ಏನೂ ಬರ್ಲಿಲ್ಲ."

"ನೀವು ಕಂಪನೀಲಿ ಯಾರು ಬಂದ್ರು, ಯಾರು ಬರ್ಲಿಲ್ಲ ಎಲ್ಲ ಬರೀತಿದ್ರಲ್ಲ. ಅಲ್ಲಿ ಹಂಗೆ ಬರೆಯೋರು ಯಾರೂ ಇಲ್ವಾ?"

ಆ ಪ್ರಶ್ನೆ ಅವನ ತಲೆಯೊಳಗೆ ಕೂತುಬಿಟ್ಟಿತು. ಮರುದಿನ ಪಂಚಾಯ್ತಿ ಲೈಬ್ರರಿಗೆ ಹೋದ. ಅಲ್ಲಿನ ಮೇಲ್ವಿಚಾರಕಿ ಸೌಮ್ಯ, ಮಕ್ಕಳಿಗೆಂದು ಸರ್ಕಾರ ಕೊಟ್ಟ ಕಂಪ್ಯೂಟರನ್ನು ದಿನಾ ಒರೆಸಿ ಇಡುವ ಹುಡುಗಿ. ಅವನು ಕೇಳಿದ್ದಕ್ಕೆ ಅವಳೇನೂ ಆಶ್ಚರ್ಯಪಡಲಿಲ್ಲ. "ಎಲ್ಲ ಇರುತ್ತೆ ಅಂಕಲ್. ಹಾಜರಿ, ಪ್ರಶ್ನೆ, ಭಾಷಣ ಎಲ್ಲ. ನೋಡೋರಿಲ್ಲ ಅಷ್ಟೆ" ಎಂದು ಕುರ್ಚಿ ಎಳೆದು ಕೊಟ್ಟಳು.

ಮಸೂದೆ ಅಂಗೀಕಾರವಾದದ್ದು ಒಂದು ಗುರುವಾರ. ಆ ದಿನದ ಹಾಜರಿ ಪಟ್ಟಿಯಲ್ಲಿ ಚಂದ್ರಕೀರ್ತಿ ಅವರ ಹೆಸರು ಇತ್ತು. ಸಹಿ ಹಾಕಿದ್ದರು. ರಂಗನಾಥನಿಗೆ ಖುಷಿಯೇ ಆಯಿತು. ಇದ್ದರಲ್ಲ, ಮಾತಿಗೆ ನಿಂತರಲ್ಲ ಎಂದುಕೊಂಡ.

"ಮಾತಾಡಿದ್ದು ಎಲ್ಲಿದೆ ನೋಡಮ್ಮ."

ಸೌಮ್ಯ ಆ ದಿನದ ಚರ್ಚೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದಳು. ಮಧ್ಯಾಹ್ನ ಎರಡಕ್ಕೆ ಶುರುವಾಗಿ ಸಂಜೆ ಆರರವರೆಗೆ ನಡೆದ ಚರ್ಚೆ. ಯಾವ ಯಾವ ರಾಜ್ಯದವರೋ ಮಾತಾಡಿದ್ದರು. ಇವರ ಹೆಸರಿರಲಿಲ್ಲ.

"ಹೋಗ್ಲಿ, ವೋಟು ಯಾವ ಕಡೆ ಹಾಕಿದ್ರು?"

ಅವಳು ಹುಡುಕಿ ಹುಡುಕಿ ಕೊನೆಗೆ ತಲೆಯಾಡಿಸಿದಳು. "ಧ್ವನಿಮತ ಅಂತ ಇದೆ ಅಂಕಲ್. ಒಪ್ಪೋರು ಹೌದು ಅಂತ ಕೂಗೋದು, ಒಪ್ಪದೋರು ಇಲ್ಲ ಅಂತ ಕೂಗೋದು. ಯಾವ ಕೂಗು ಜಾಸ್ತಿ ಅಂತ ಅಧ್ಯಕ್ಷರು ಹೇಳ್ತಾರೆ. ಯಾರು ಏನು ಕೂಗಿದ್ರು ಅಂತ ಬರ್ಕೊಳ್ಳಲ್ಲ."

"ಬರ್ಕೊಳ್ಳಲ್ವಾ?"

"ಇಲ್ಲ."

ಕಂಪನಿಯಲ್ಲಿ ನಾಲ್ಕು ಸಾವಿರ ಜನರ ಲೆಕ್ಕವಿಟ್ಟವನಿಗೆ ಇದು ಅರ್ಥವೇ ಆಗಲಿಲ್ಲ. ಮುದ್ದಮ್ಮನ ಮನೆಯ ವಿಷಯ ಸಂತೆಯ ಗದ್ದಲದ ಹಾಗೆ ಕೂಗಿನಲ್ಲಿ ಮುಗಿದುಹೋಗಿತ್ತು. ಆಗ ಸೌಮ್ಯ ಸುಮ್ಮನಿರದೆ ಸಂಸದರ ಫೇಸ್‌ಬುಕ್ ತೆರೆದಳು. ಅದೇ ಗುರುವಾರ, ಸಂಜೆ ಐದಕ್ಕೆ, ಬೆಂಗಳೂರಿನ ಒಂದು ಒಡವೆ ಅಂಗಡಿಯ ಉದ್ಘಾಟನೆ. ಚಂದ್ರಕೀರ್ತಿ ಅವರ ಕೈಯಲ್ಲಿ ಕತ್ತರಿ, ಮುಖದಲ್ಲಿ ನಗು, ಪಕ್ಕದಲ್ಲಿ ಮಾಲೀಕರ ಕುಟುಂಬ.

ರಂಗನಾಥ ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಬೆಳಿಗ್ಗೆ ಸಹಿ ಹಾಕಿ, ಮಧ್ಯಾಹ್ನದ ವಿಮಾನ ಹತ್ತಿದ್ದರು. ಕಂಪನಿಯಲ್ಲಿ ಒಮ್ಮೆ ಒಬ್ಬ ಫಿಟ್ಟರ್ ಕಾರ್ಡ್ ಪಂಚ್ ಮಾಡಿ, ಬೇಲಿ ಹಾರಿ ಕಳಸಕ್ಕೆ ಹೋಗಿದ್ದ. ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಆದರೂ ರಂಗನಾಥ ಅವನ ಮೇಲೆ ಬರೆದಿದ್ದ, ಅವನ ಅರ್ಧ ದಿನದ ಸಂಬಳ ಹೋಗಿತ್ತು. ಆ ಫಿಟ್ಟರನ ಮುಖ ಈಗ ನೆನಪಾಯಿತು.

ಅಲ್ಲಿಂದ ಮೂರು ವಾರ ಅವನು ಲೈಬ್ರರಿ ಬಿಡಲಿಲ್ಲ. ನಾಲ್ಕು ವರ್ಷದ್ದು ಪೂರ್ತಿ ನೋಡಿದ. ಸಂಸದರು ಕೇಳಿದ ಪ್ರಶ್ನೆಗಳಿಗೇನೂ ಬರ ಇರಲಿಲ್ಲ. ಎಲ್ಲೋ ದೂರದ ಬಂದರಿನ ಕ್ರೇನುಗಳು, ಖಾಸಗಿ ವಿಮಾನಗಳ ತೆರಿಗೆ, ಯಾವುದೋ ರಾಸಾಯನಿಕದ ಆಮದು. ಒಂದೊಂದು ಪ್ರಶ್ನೆಯೂ ಇನ್ನಿಬ್ಬರು ಮೂವರು ಸಂಸದರ ಹೆಸರಿನಲ್ಲಿ ಅಕ್ಷರ ಬಿಡದೆ ಹಾಗೆಯೇ ಇತ್ತು, ಯಾರೋ ಒಬ್ಬರೇ ಬರೆದು ಎಲ್ಲರಿಗೂ ಹಂಚಿದ ಹಾಗೆ. ಕಾಫಿ ಎಂಬ ಮಾತು ನಾಲ್ಕು ವರ್ಷದಲ್ಲಿ ಒಂದು ಸಲ ಬಂದಿತ್ತು, ಅದೂ ರೈಲ್ವೆ ಕ್ಯಾಂಟೀನಿನ ಕಾಫಿ. ಸಂಸದರಿಗೆ ಒಂದು ಪತ್ರ ಬರೆದ: ಆ ಗುರುವಾರ ತಾವು ಯಾವ ಕಡೆ ಇದ್ದಿರಿ, ದಯವಿಟ್ಟು ತಿಳಿಸಿ. ಎಂಟು ದಿನಕ್ಕೆ ಉತ್ತರ ಬಂತು. ದಪ್ಪ ಕಾಗದದಲ್ಲಿ ಸಂಸದರು ಕೈ ಮುಗಿದ ಚಿತ್ರ. ಕೆಳಗೆ, ನಿಮಗೂ ನಿಮ್ಮ ಕುಟುಂಬಕ್ಕೂ ದೀಪಾವಳಿಯ ಶುಭಾಶಯಗಳು.

ಅದೇ ವಾರ ಬೆಳೆಗಾರರ ಸಂಘದ ಅಧ್ಯಕ್ಷ ರಾಜೇಶ್ ಮನೆಗೆ ಬಂದರು. ನೂರೈವತ್ತು ಎಕರೆಯ ಧಣಿ, ಮಾತು ಮೃದು.

"ಸಂಸದರಿಗೆ ಕಳಸದಲ್ಲಿ ಒಂದು ಸನ್ಮಾನ ಇಟ್ಕೊಂಡಿದೀವಿ. ಅಭಿನಂದನೆ ಮಾತು ನೀವೇ ಆಡ್ಬೇಕು ರಂಗನಾಥ್. ನೀವು ಅವ್ರ ಬಗ್ಗೆ ಲೈಬ್ರರೀಲಿ ಕೂತು ಅಧ್ಯಯನ ಮಾಡ್ತಿದೀರಿ ಅಂತ ಕೇಳ್ದೆ. ಐದು ನಿಮಿಷ ಸಾಕು."

"ಎಂತಕ್ಕೆ ಸನ್ಮಾನ?"

"ಎಂತಕ್ಕೆ ಅಂದ್ರೆ... ನಮ್ಮ ಜಿಲ್ಲೆ ದನಿ ಆಗಿದಾರಲ್ಲ ಅಲ್ಲಿ."

ರಂಗನಾಥ ಒಪ್ಪಿಕೊಂಡ. ಒಪ್ಪಿಕೊಂಡದ್ದು ಯಾಕೆಂದು ಹೆಂಡತಿಗೂ ಹೇಳಲಿಲ್ಲ.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಸಂಸದರು ಬಂದದ್ದು ಒಂದೂಕಾಲಿಗೆ. ಸಭಾಭವನ ತುಂಬಿತ್ತು. ಸಂಸೆಯಿಂದ ಜೀಪು ಓಡಿಸುವ ಮೊಯ್ದು, ಹತ್ತಿಪ್ಪತ್ತು ಜನರನ್ನು ತುಂಬಿಕೊಂಡು ಬಂದಿದ್ದ. ಅವರಲ್ಲಿ ಮುದ್ದಮ್ಮನೂ ಇದ್ದಳು. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು.

ರಂಗನಾಥ ಜೇಬಿನಿಂದ ಕಾಗದ ತೆಗೆದ. ದನಿ ಏರಿಸಲಿಲ್ಲ. ಟೈಮ್ ಆಫೀಸಿನಲ್ಲಿ ವರದಿ ಓದುತ್ತಿದ್ದ ಹಾಗೆಯೇ ಓದಿದ. ಎಷ್ಟು ದಿನ ಸದನ ನಡೆಯಿತು, ಇವರು ಎಷ್ಟು ದಿನ ಬಂದರು. ಕೇಳಿದ ಪ್ರಶ್ನೆಗಳು ಯಾವ ಬಂದರಿನ ಬಗ್ಗೆ. ಕಾಫಿಯ ಹೆಸರು ಎಲ್ಲಿ ಬಂತು. ಕೊನೆಗೆ ಆ ಗುರುವಾರ: ಬೆಳಿಗ್ಗೆ ಸಹಿ, ಎರಡರಿಂದ ಆರರವರೆಗೆ ಕಾಡಂಚಿನ ಮನೆಗಳ ಮಸೂದೆ, ಐದಕ್ಕೆ ಬೆಂಗಳೂರಿನ ಒಡವೆ ಅಂಗಡಿ. "ಇಷ್ಟು ನನಗೆ ಸಿಕ್ಕಿದ್ದು. ಇದರಲ್ಲಿ ತಪ್ಪಿದ್ರೆ ಸಂಸದರು ತಿದ್ದಬೇಕು" ಎಂದು ಕಾಗದ ಮಡಚಿದ.

ರಾಜೇಶ್ ಮುಖದಲ್ಲಿ ರಕ್ತವೇ ಇರಲಿಲ್ಲ. ರಂಗನಾಥ ಸಂಸದರ ಮುಖ ನೋಡಿದ. ಆ ಮುಖ ತಗ್ಗುವುದನ್ನು ನೋಡಬೇಕೆಂದೇ ಅವನು ಅಷ್ಟು ದಿನ ಕಾದಿದ್ದ.

ಚಂದ್ರಕೀರ್ತಿ ನಕ್ಕರು. ಸಣ್ಣ ನಗೆಯಲ್ಲ, ಹೊಟ್ಟೆ ಕುಲುಕುವ ನಗೆ. ಎದ್ದು ಬಂದು, ತಮ್ಮ ಹೆಗಲಿಗೆ ಆಗಷ್ಟೇ ಹಾಕಿದ್ದ ಶಾಲನ್ನು ತೆಗೆದು ರಂಗನಾಥನಿಗೆ ಹೊದಿಸಿ, ತಬ್ಬಿಕೊಂಡು ಮೈಕ್ ಎಳೆದುಕೊಂಡರು.

"ಇಂಥ ಮತದಾರರು ಬೇಕು ಸ್ವಾಮಿ ನಮಗೆ! ನನ್ನ ಹೆಂಡತಿ ಕೂಡ ನನ್ನ ಮೇಲೆ ಇಷ್ಟು ಕಣ್ಣಿಟ್ಟಿಲ್ಲ!"

ಸಭೆ ಘೊಳ್ಳೆಂದು ನಕ್ಕಿತು. ಆಮೇಲೆ ಚಪ್ಪಾಳೆ. ಹಿಂದಿನ ವರ್ಷ ಬಿದ್ದಂಥದೇ ಚಪ್ಪಾಳೆ. ಫೋಟೋದವರು ಮುಂದೆ ನುಗ್ಗಿದರು. ತಬ್ಬಿದ ಕೈ ಸಡಿಲಿಸದೆ, ಕ್ಯಾಮೆರಾದ ಕಡೆ ಹಲ್ಲು ಬಿಟ್ಟುಕೊಂಡೇ ಸಂಸದರು ಅವನ ಕಿವಿಯಲ್ಲಿ ಹೇಳಿದರು. ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

"ಚೆನ್ನಾಗಿ ಓದಿದ್ರಿ ಹಿರಿಯರೇ. ಆದ್ರೆ ಇದನ್ನೆಲ್ಲ ನೋಡೋರು ಯಾರು ಹೇಳಿ? ನೀವೊಬ್ರು."

ರಂಗನಾಥ ಕೆಳಗಿಳಿದು ಬಾಗಿಲ ಹತ್ತಿರ ಬರುವಾಗ ಮುದ್ದಮ್ಮ ಕೈ ಹಿಡಿದಳು. ಅವಳೂ ಚಪ್ಪಾಳೆ ಹೊಡೆದಿದ್ದಳು, ಅಂಗೈ ಬಿಸಿಯಾಗಿತ್ತು.

"ಎಂತ ಅಂದ್ರು ರಂಗಣ್ಣ? ಮನೆ ಉಳೀತಾ?"

ಅವನು ಕೈ ಬಿಡಿಸಿಕೊಂಡ. ಹೊರಗೆ ಹೋಗಿ, ಶಾಲನ್ನು ಮೊಯ್ದುವಿನ ಜೀಪಿನ ಹಿಂಬದಿಗೆ ಎಸೆದು, ಚರಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಾರಿಕೊಂಡ.

"ಪಿತ್ತ ಆಗಿದೆ ನಿಮ್ಗೆ" ಎಂದು ಮೊಯ್ದು ನೀರಿನ ಬಾಟಲಿ ಹಿಡಿದ.

"ಪಿತ್ತ ಅಲ್ಲ ಮಾರಾಯ."

ವಾರದೊಳಗೆ ಆ ಫೋಟೋ ಎಲ್ಲರ ಮೊಬೈಲಿಗೂ ಬಂತು. "ತಮ್ಮ ಸಂಸದೀಯ ಸಾಧನೆಯನ್ನು ಅಂಕಿ ಅಂಶ ಸಹಿತ ವಿವರಿಸಿದ ಹಿರಿಯ ನಾಗರಿಕರನ್ನು ಗೌರವಿಸಿದ ಸಂಸದರು." ಕಳಸದ ಬಸ್ ಸ್ಟ್ಯಾಂಡಿನಲ್ಲಿ ಅದರದ್ದೇ ಫ್ಲೆಕ್ಸ್ ಎದ್ದಿತು. ದಾರಿಯಲ್ಲಿ ಸಿಕ್ಕವರು ಕೈ ಕುಲುಕಿದರು. ಬಣಕಲ್ಲಿನಿಂದ ಯಾರೋ ಗುರುತಿಲ್ಲದವರು ಫೋನು ಮಾಡಿ, ಮಗಳ ವರ್ಗಾವಣೆಗೆ ಸಂಸದರಿಗೆ ಒಂದು ಮಾತು ಹೇಳಿ ಎಂದರು. ರಂಗನಾಥನಿಗೆ ಅನ್ನ ಸೇರದಾಯಿತು. ಸಂಸದರ ಮೇಲಿನ ಹೇಸಿಗೆ ಒಂದು ಕಡೆ. ಅಂದು ನಕ್ಕವರೆಲ್ಲ ಅವನ ಕಣ್ಣೆದುರೇ ಸುಖವಾಗಿ ಓಡಾಡುತ್ತಿದ್ದರಲ್ಲ, ಅದು ಇನ್ನೊಂದು ಕಡೆ. ಅವನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ ಎಂದಲ್ಲ. ಕೇಳಿಸಿತ್ತು, ಅರ್ಥವೂ ಆಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಸ್ ಸ್ಟ್ಯಾಂಡಿನ ತುಂಬ ಜನ ಇರುವಾಗಲೇ, ಅವನು ಮೊಯ್ದುವಿನ ಜೀಪಿನ ಬಾನೆಟ್ ಹತ್ತಿ ನಿಂತು ಫ್ಲೆಕ್ಸಿನಿಂದ ತನ್ನ ಮುಖವನ್ನು ಕಸಿ ಚಾಕುವಿನಲ್ಲಿ ಕೊಯ್ದು ತೆಗೆದ. ಸಂಸದರ ಮುಖ ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ರಾಜೇಶ್ ಫೋನು ಬಂತು.

"ಎಂತ ಮಾಡ್ಬಿಟ್ರಿ ರಂಗನಾಥ್? ಅವ್ರು ಎಷ್ಟು ದೊಡ್ಡ ಮನಸ್ಸು ತೋರಿಸಿದ್ರು. ಬೇರೆಯವ್ರಾಗಿದ್ರೆ ಕೇಸ್ ಹಾಕ್ತಿದ್ರು."

"ಕೇಸ್ ಹಾಕಿದ್ರೆ ನಂಗೆ ಮರ್ಯಾದೆ ಇರ್ತಿತ್ತು" ಎಂದು ರಂಗನಾಥ ಫೋನಿಟ್ಟ.

ಅಂದು ಸಂಜೆ ಕಾಡಂಚಿನ ದಾರಿ ಹತ್ತಿ ಮುದ್ದಮ್ಮನ ಮನೆಗೆ ಹೋದ. ಅವಳ ಎದುರು ಕೂತು, ಸಹಿ, ವಿಮಾನ, ಒಡವೆ ಅಂಗಡಿ, ಕೂಗು, ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಹಂಗಾದ್ರೆ ನಾನು ಎಂತಕ್ಕೆ ಚಪ್ಪಾಳೆ ಹೊಡ್ದೆ?" ಎಂದಳು.

ಅವಳು ಅಳಲಿಲ್ಲ. ತನ್ನ ಎರಡು ಅಂಗೈಗಳನ್ನೂ ಸೀರೆಗೆ ಉಜ್ಜಿಕೊಂಡಳು, ಸಗಣಿ ಮುಟ್ಟಿದವಳ ಹಾಗೆ.

ಆಕ್ಷೇಪಣೆ ಸಲ್ಲಿಸಲು ಎರಡೇ ದಿನ ಉಳಿದಿತ್ತು. ಮರುದಿನ ರಂಗನಾಥನೇ ಅರ್ಜಿ ಬರೆದು, ಅವಳ ಮಾವನ ಕಾಲದ ಕಂದಾಯದ ರಸೀದಿಗಳನ್ನು ಜೋಡಿಸಿ, ಅವಳನ್ನು ನೋಟೀಸು ಕೊಟ್ಟ ಕಚೇರಿಗೆ ಕರೆದುಕೊಂಡು ಹೋದ. ಬೆಳಿಗ್ಗೆ ಒಂಬತ್ತಕ್ಕೇ ಸಾಲು ಗೇಟಿನವರೆಗೆ ಬೆಳೆದಿತ್ತು. ಸಂಸೆ, ಕಳಸ, ಹಿರೇಬೈಲು, ಎಲ್ಲ ಕಡೆಯವರೂ ಇದ್ದರು, ಎಲ್ಲರ ಕೈಯಲ್ಲೂ ಅದೇ ನೋಟೀಸು. ಗಂಟೆ ಹನ್ನೆರಡಾದರೂ ಸಾಲು ಹತ್ತು ಮಾರು ಮುಂದೆ ಹೋಗಿರಲಿಲ್ಲ.

ಆಗ ಒಳಗಿನಿಂದ ಬಂದ ಗುಮಾಸ್ತನೊಬ್ಬ ರಂಗನಾಥನನ್ನು ನೋಡಿ ನಿಂತ. ಜೇಬಿನಿಂದ ಮೊಬೈಲು ತೆಗೆದು ಆ ಫೋಟೋದತ್ತ ಒಮ್ಮೆ, ಅವನ ಮುಖದತ್ತ ಒಮ್ಮೆ ಕಣ್ಣು ಹಾಯಿಸಿದ.

"ಅಯ್ಯೋ, ಸಂಸದರ ಕಡೆಯವ್ರು ನೀವು! ಇಲ್ಲಿ ನಿಂತಿದೀರಲ್ಲ ಸಾರ್. ಬನ್ನಿ ಬನ್ನಿ, ಒಳಗೆ ಬನ್ನಿ. ಅಜ್ಜಿ, ನೀವೂ ಬನ್ನಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಹಿಂದೆ ಕೂಸನ್ನೆತ್ತಿಕೊಂಡು ನಿಂತಿದ್ದ ಹೆಂಗಸು ಮುಖ ಆಚೆ ತಿರುಗಿಸಿದಳು. ನಾನು ಯಾರ ಕಡೆಯವನೂ ಅಲ್ಲ ಎಂದು ಹೇಳಲು ರಂಗನಾಥ ಬಾಯಿ ತೆರೆದ. ಅಷ್ಟರಲ್ಲಿ ಮುದ್ದಮ್ಮ ಗಟ್ಟಿಯಾಗಿ ಅರ್ಜಿ ಹಿಡಿದುಕೊಂಡು, ಗುಮಾಸ್ತನ ಹಿಂದೆ ಮೆಟ್ಟಿಲು ಹತ್ತಿಯಾಗಿತ್ತು. ಕಾಲು ನೋವಿಗೆ ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದಳು, ಆದರೂ ಹತ್ತುತ್ತಿದ್ದಳು.

ರಂಗನಾಥ ತೆರೆದ ಬಾಯಿ ಮುಚ್ಚಿ ಅವಳ ಹಿಂದೆ ಹೋದ. ಐದು ನಿಮಿಷದಲ್ಲಿ ಮೊಹರು ಬಿತ್ತು, ಸ್ವೀಕೃತಿ ಸಿಕ್ಕಿತು, ಗುಮಾಸ್ತ ಚಹಾ ತರಿಸಿದ. ಮುದ್ದಮ್ಮ ಊದಿ ಊದಿ ಕುಡಿದಳು. ಅವನೂ ಕುಡಿದ. ಲೋಟ ಕೆಳಗಿಡುವಾಗ ಕಿಟಕಿಯಿಂದ ಸಾಲು ಕಾಣಿಸುತ್ತಿತ್ತು, ಆ ಹೆಂಗಸು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸುತ್ತಿದ್ದಳು.