ಬೀಗರೂಟಕ್ಕೆ ಹೋದ ಶಾಲೆಯ ಟಿ.ವಿ.

ಬೀಗರೂಟ ಅಂದರೆ ಶಾಲೆಯಿಂದ ಬೆಂಚು, ಜಮಖಾನ ಹೋಗುವುದು ಊರೂರಲ್ಲೂ ಇದ್ದದ್ದೇ. ಕಿಕ್ಕೇರಿ ಹತ್ತಿರದ ಈ ಊರಿನಲ್ಲಿ ಈ ಸಲ ಪ್ರೌಢಶಾಲೆಯ ಟಿ.ವಿ., ಕ್ಯಾಸೆಟ್ಟು ಹಾಕುವ ವಿ.ಸಿ.ಆರ್. ಕೂಡ ಹೋದವು. ಹತ್ತನೇ ತರಗತಿಯ ಮಕ್ಕಳು ವಿಜ್ಞಾನದ ಪಾಠ ನೋಡಲು ಬಂದಾಗ ಮೇಜು ಖಾಲಿ.

ವಿಜ್ಞಾನದ ಶಿಕ್ಷಕಿ ಪ್ರಮೀಳಾ, ಬೀಗರೂಟ ಮಾಡಿದ್ದ ನಿಂಗರಾಜುವಿನ ಮನೆಗೆ ನೇರವಾಗಿ ನಡೆದರು. ಜೊತೆಗೆ ಅದೇ ತರಗತಿಯಲ್ಲಿದ್ದ ಅವನ ಮಗಳು ದಿವ್ಯ.

“ನಿಂಗರಾಜಣ್ಣ, ಯಾರನ್ನ ಕೇಳಿ ಟಿ.ವಿ. ತಂದ್ರಿ?”

“ಯಾರ್ನ ಕೇಳ್ಬೇಕು ಮೇಡಮ್ಮೋರೆ? ಊರೋರೇ ಸೇರಿ ಕೊಡ್ಸಿದ್ದು. ತಮ್ಮನ ಮದ್ವೆ ಕ್ಯಾಸೆಟ್ಟು ಬೀಗ್ರಿಗೆ ತೋರ್ಸುದ್ವಿ. ಅಷ್ಟಕ್ಕೇ ಸವ್ದೋಯ್ತದಾ?”

“ಜೊತೆಗಿದ್ದ ಪಾಠದ ಕ್ಯಾಸೆಟ್ಟು?”

ಹಾಕಿ ನೋಡಿದರು. ಬೆಳಕಿನ ಪ್ರಯೋಗ ಇರಬೇಕಾದ ಕಡೆ ಕ್ರಿಕೆಟ್ ಓಡುತ್ತಿತ್ತು. ಬೀಗರಲ್ಲಿ ಯಾರೋ ಪಾಠದ ಮೇಲೆಯೇ ಮ್ಯಾಚು ರೆಕಾರ್ಡ್ ಮಾಡಿದ್ದರು.

ಆ ಶಾಲೆಗೆ ಪ್ರಯೋಗಾಲಯವಿಲ್ಲ. ಇದ್ದದ್ದು ಆ ಕ್ಯಾಸೆಟ್ಟೊಂದೇ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ದಿವ್ಯ ಅರ್ಧವಾರ್ಷಿಕದಲ್ಲಿ ಫೇಲಾಗಿದ್ದುದೂ ವಿಜ್ಞಾನದಲ್ಲೇ.

“ಪರೀಕ್ಸೇಲಿ ಯಾರ್ ಔಟಾದ್ರು ಅಂತ ಬರೀಲಾ ಅಪ್ಪ?” ಎಂದಳು ಅವಳು.

“ಬುಡವ್ವ. ಇನ್ಮೇಲೆ ಟೀವಿನ ಸ್ಕೂಲ್ ಬೀರುಲಿಟ್ಟು ಬೀಗ ಹಾಕ್ಸಿಬುಡ್ತೀನಿ. ಯಾರೂ ಮುಟ್ಟಂಗಿಲ್ಲ.”

ಮೇಡಂ ಹಣೆ ಚಚ್ಚಿಕೊಂಡರು. “ಟಿ.ವಿ.ಗೆ ಒಂದೋ ಮೆರವಣಿಗೆ, ಇಲ್ಲ ಜೈಲು! ಬೀಗ ಹಾಕಿದ್ರೆ ಮಕ್ಕಳು ನೋಡೋದು ಯಾವಾಗ?”

“ಮ್ಯಾಚ್ ಇದ್ದಾಗ ಮೇಷ್ಟ್ರುಗಳೂ ಕ್ಲಾಸ್ ಬುಟ್ಟು ಟೀವಿ ಮುಂದೆ ಕೂರ್ತಾರಲ್ಲ ಮೇಡಂ?” ಎಂದಳು ದಿವ್ಯ.

ಮೇಡಂ ಒಪ್ಪಿಕೊಂಡರು. “ನಿಜ. ನಿಯಮ ನಮಗೂ ಬೇಕು.”

ಅದೇ ಪಾಠದ ಇನ್ನೊಂದು ಕ್ಯಾಸೆಟ್ಟು ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿತ್ತು. ನಿಂಗರಾಜು ಬಸ್ಸು ಹತ್ತಿ ಹೋಗಿ ಕೇಳಿದ. “ಒಂದಿನಕ್ಕೆ ಕೊಡಿ ಸಾ, ನಾನು ಜವಾಬ್ದಾರಿ.”

“ಹಂಗಂದು ತಗೊಂಡೋದೋರು ಯಾರೂ ವಾಪಸ್ ತರ್ಲಿಲ್ಲ,” ಎಂದರು ಅಲ್ಲಿನ ಹೆಡ್‌ಮಾಸ್ಟರು. “ಆಮೇಲೆ ಪೋಷಕರು, ಮೇಷ್ಟ್ರು ಎಲ್ಲ ಕೂತು ನಿಯಮ ಮಾಡಿದ್ವಿ. ಕ್ಯಾಸೆಟ್ಟು ಗೇಟು ದಾಟಲ್ಲ. ಮಕ್ಕಳನ್ನೇ ಕರ್ಕೊಂಡು ಬನ್ನಿ.”

ನಿಂಗರಾಜು ಗೊಣಗುತ್ತಲೇ ಶನಿವಾರ ಮಕ್ಕಳನ್ನು ಕರೆದೊಯ್ದ. ಕೊನೆಯ ಬೆಂಚಿನಲ್ಲಿ ತಾನೂ ಕುಳಿತ. “ಆ ಭಾಗ ಇನ್ನೊಂದ್ಸಲ ಹಾಕಿ ಸಾರ್,” ಎಂದಳು ದಿವ್ಯ. ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದರು. ಪಾಠ ಇದ್ದಲ್ಲೇ ಇತ್ತು. ಬೆಳಕು ಯಾಕೆ ಬಾಗುತ್ತದೆಂದು ಪಕ್ಕ ಕುಳಿತ ಗೆಳತಿ ಆಲಿಯಾಗೆ ಮಗಳು ವಿವರಿಸುವುದನ್ನು ಕೇಳುತ್ತಾ ನಿಂಗರಾಜು ಗೊಣಗುವುದನ್ನು ಮರೆತ.

ಸೋಮವಾರ ಸಭೆ ಕರೆದವನು ಅವನೇ. ಟಿ.ವಿ. ಶಾಲೆ ಬಿಟ್ಟು ಹೊರಗೆ ಹೋಗಬಾರದು. ಪಾಠದ ಹೊತ್ತಿನಲ್ಲಿ ಪಾಠ ಮಾತ್ರ, ಮೇಷ್ಟ್ರಿಗೂ ಇದೇ ಮಾತು ಎಂದಾಯಿತು. ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲವೆಂದು ಮೇಡಂ ತೋರಿಸಿದರು.

“ಊರೋರ್ಗೂ ಒಂದು ಹೊತ್ತು ಬುಡಿ ಮೇಡಂ, ಇಲ್ಲಾಂದ್ರೆ ಕದ್ದು ನೋಡ್ತಾರೆ,” ಎಂದರು ಆಲಿಯಾಳ ತಂದೆ ಮುನಾವರ್ ಪಾಷಾ. ಭಾನುವಾರ ಮಧ್ಯಾಹ್ನ ಊರಿಗೆಂದು ಒಪ್ಪಿದರು. ಹುಡುಗಿಯರಿಗೂ ಮುಂದಿನ ಸಾಲು ಬೇಕೆಂದಳು ದಿವ್ಯ. ಅದೂ ಸೇರಿತು.

ವಾರ ಕಳೆದಿರಲಿಲ್ಲ, ನಿಂಗರಾಜುವಿನ ಬಾಮೈದ ಸಿದ್ದರಾಜು ಬಂದ. “ಬಾವ, ನಾಮಕರಣಕ್ಕೆ ಟೀವಿ ಕೊಡ್ಸು.”

“ಮಗೀನ ನೋಡಕ್ ಬತ್ತೀವಿ ಕಣ್ಲಾ, ಟೀವಿ ನೋಡಕ್ಕಲ್ಲ,” ಎಂದ ನಿಂಗರಾಜು.

ನಿಮ್ಮೂರ ಶಾಲೆಗೂ ಟಿ.ವಿ. ಬಂದಿರಬಹುದು, ನಾಳೆ ಕಂಪ್ಯೂಟರೂ ಬರಬಹುದು. ಪಾಠ ಅಳಿಸಿಹೋಗುವ ತನಕ ಕಾಯಬೇಡಿ. ಪೋಷಕರು, ಶಿಕ್ಷಕರು, ಮಕ್ಕಳು ಈ ವಾರವೇ ಒಟ್ಟಿಗೆ ಕುಳಿತು ನಿಯಮ ಮಾಡಿಕೊಳ್ಳಿ. ಮೊದಲು ದೊಡ್ಡವರು ಪಾಲಿಸಿ, ಮಕ್ಕಳು ನೋಡುತ್ತಿದ್ದಾರೆ.